ಕಮಾನಿಯ ಬೀಗ ತೆಗೆದವರು

1985ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಕುರ್ಲಾದಲ್ಲಿದ್ದ ಕಮಾನಿ ಟ್ಯೂಬ್ಸ್ ಕಾರ್ಖಾನೆ ನಿಂತುಹೋಯಿತು. ಬಿಲ್ಲು ಬಾಕಿ ಬಿದ್ದು ಕರೆಂಟು ಕಡಿದಿದ್ದರು. ತಾಮ್ರ, ಹಿತ್ತಾಳೆಯ ಕೊಳವೆ ಎಳೆಯುತ್ತಿದ್ದ ಯಂತ್ರಗಳು ಸುಮ್ಮನಾದವು. ಸುಮಾರು 600 ಕಾರ್ಮಿಕರ ದುಡಿಮೆ ಒಂದೇ ಏಟಿಗೆ ಹೋಯಿತು. ಅದೇ ಕಾಲದಲ್ಲಿ, ಅಲ್ಲಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿಯ ಕಲ್ಯಾಣದಲ್ಲಿ, ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಕೈಲಾದ ಕಸುಬು ಮಾಡಿಕೊಂಡು ಬದುಕು ಕಟ್ಟುತ್ತಿದ್ದಳು. ಇಪ್ಪತ್ತೊಂದು ವರ್ಷಗಳ ಬಳಿಕ, 2006ರಲ್ಲಿ, ಆಕೆ ಅದೇ ಕಮಾನಿ ಟ್ಯೂಬ್ಸ್‌ನ ಅಧ್ಯಕ್ಷೆಯಾದರು. ಅವರೇ ಕಲ್ಪನಾ ಸರೋಜ್. 2013ರಲ್ಲಿ ಭಾರತ ಸರ್ಕಾರ ವಾಣಿಜ್ಯ ಮತ್ತು ಉದ್ಯಮ ಕ್ಷೇತ್ರದಲ್ಲಿ ಅವರಿಗೆ ಪದ್ಮಶ್ರೀ ನೀಡಿತು.

ದಿನಕ್ಕೆ ಎರಡು ರೂಪಾಯಿ ಕೂಲಿಯಿಂದ ಕೋಟ್ಯಂತರ ರೂಪಾಯಿಯ ವ್ಯವಹಾರಕ್ಕೆ ಏರಿದ ಹೆಣ್ಣು ಎಂದು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅಷ್ಟನ್ನೇ ಹೇಳಿದರೆ ಕಥೆಯ ಅರ್ಧ ಬಿಟ್ಟುಹೋಗುತ್ತದೆ. ಆ ಕಾರ್ಖಾನೆಯನ್ನು ಹದಿನೈದು ವರ್ಷ ಸಾಯಲು ಬಿಡದೆ ಹಿಡಿದುಕೊಂಡ ಕಾರ್ಮಿಕರು, ಬಡವರ ಕೈಗೆ ಬಂಡವಾಳ ಕೊಟ್ಟ ಒಂದು ಸರ್ಕಾರಿ ಸಾಲ, ದಲಿತ ಹೆಣ್ಣುಮಗಳಿಗೆ ತಲೆಯೆತ್ತುವ ಧೈರ್ಯ ಕೊಟ್ಟ ಅಂಬೇಡ್ಕರ್ ಚಳವಳಿ ಇವೆಲ್ಲ ಸೇರಿದಾಗಲೇ ಕಲ್ಪನಾ ಅವರ ಸಾಧನೆಯ ನಿಜವಾದ ಎತ್ತರ ಕಾಣುತ್ತದೆ.

ಕೈಗಾರಿಕೆಯ ಬೆಲ್ಟು

ಈ ಕಥೆ ನಡೆದ ನೆಲವನ್ನು ಮೊದಲು ನೋಡೋಣ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಹುಟ್ಟಿದ್ದು 1962ರಲ್ಲಿ. ಮುಂಬಯಿಯಲ್ಲಿ ಕಾರ್ಖಾನೆಗಳು ಕಿಕ್ಕಿರಿದಿದ್ದವು. ಅವನ್ನು ಹೊರಗೆ ಹರಡಬೇಕಿತ್ತು. ಠಾಣೆಯ ವಾಗ್ಳೆ ಎಸ್ಟೇಟ್, ಠಾಣೆ–ಬೇಲಾಪುರ ರಸ್ತೆ, ಡೊಂಬಿವಲಿ, ಅಂಬರನಾಥ ಹೀಗೆ ರೈಲು ಹಳಿಯ ಆಸುಪಾಸಿನಲ್ಲಿ ಒಂದರ ಹಿಂದೊಂದು ಕೈಗಾರಿಕಾ ವಸಾಹತು ಎದ್ದವು. ಡೊಂಬಿವಲಿಯ ಜನರ ಬಾಯಲ್ಲಿ ‘ಎಂಐಡಿಸಿ’ ಎಂಬುದು ನಿಗಮದ ಹೆಸರಲ್ಲ, ಊರಿನ ಒಂದು ಭಾಗದ ಹೆಸರು. ಫೇಸ್ ಒನ್, ಫೇಸ್ ಟೂ, ರಾಸಾಯನಿಕ ಕಾರ್ಖಾನೆ, ಬಣ್ಣದ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವ ಘಟಕ, ಸಣ್ಣಪುಟ್ಟ ಎಂಜಿನಿಯರಿಂಗ್ ಶೆಡ್ಡು ಎಲ್ಲವೂ ಅದರೊಳಗೆ ಬಂತು. ಕಲ್ಯಾಣ–ಶೀಳ್ ರಸ್ತೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್, ಶಹಾಡದಲ್ಲಿ ಸೆಂಚುರಿ ರೇಯಾನ್, ಮೋಹನೆಯಲ್ಲಿ ನ್ಯಾಷನಲ್ ರೇಯಾನ್. ಆ ಕಾರ್ಖಾನೆಗಳ ಭೋಂಗಾ (ಸೈರನ್) ಕೇಳಿ ಗಡಿಯಾರ ಸರಿಮಾಡಿಕೊಂಡ ಕಾಲವದು.

ಈ ಬೆಲ್ಟಿಗೆ ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರು ಕಡಿಮೆಯಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಒಂದು ತಲೆಮಾರೇ ಇಲ್ಲಿ ಮನೆ ಮಾಡಿತು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಆ ತಲೆಮಾರಿನ ಆಸೆಯ ಫಲ. ಹಾಗಾಗಿ ಬರಿಗೈಲಿ ಊರು ಬಿಟ್ಟು ಬಂದವರ ಕಥೆ ನಮಗೆ ಹೊಸದಲ್ಲ. ಕಲ್ಪನಾ ಅವರು ಬಂದದ್ದು ಮಾತ್ರ ನಮ್ಮಲ್ಲಿ ಬಹುಮಂದಿ ಕಂಡರಿಯದಷ್ಟು ಕೆಳಗಿನಿಂದ.

ರೋಪರಖೇಡಾದಿಂದ ಕಲ್ಯಾಣಕ್ಕೆ

ವಿದರ್ಭದ ಅಕೋಲಾ ಜಿಲ್ಲೆಯ ರೋಪರಖೇಡಾ ಎಂಬ ಹಳ್ಳಿಯಲ್ಲಿ 1961ರಲ್ಲಿ ಅವರು ಹುಟ್ಟಿದರು. ತಂದೆ ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೆಬಲ್. ದಲಿತ ಕುಟುಂಬ. ಶಾಲೆಯಲ್ಲಿ ಬೇರೆ ಕೂರಿಸಿದ್ದು, ಗೆಳತಿಯರ ಮನೆಯೊಳಗೆ ಕಾಲಿಡಬಾರದೆಂದು ತಡೆದದ್ದು ಅವರ ಬಾಲ್ಯದ ನೆನಪುಗಳು. ಓದಿನಲ್ಲಿ ಚುರುಕಾಗಿದ್ದರೂ ಏಳನೆಯ ತರಗತಿಗೆ ಶಾಲೆ ನಿಂತಿತು. ಹನ್ನೆರಡನೆಯ ವಯಸ್ಸಿಗೆ ಮದುವೆ. 1929ರ ಶಾರದಾ ಕಾಯ್ದೆಗೆ 1949ರಲ್ಲಿ ತಿದ್ದುಪಡಿಯಾಗಿ ಹೆಣ್ಣಿನ ಮದುವೆಯ ವಯಸ್ಸು 15 ಆಗಿತ್ತು. ಅಂದರೆ ಆ ಮದುವೆ ನಡೆದ ದಿನವೇ ಕಾನೂನಿಗೆ ವಿರುದ್ಧವಾಗಿತ್ತು. ತಡೆಯಲು ಯಾರೂ ಇರಲಿಲ್ಲ.

ಗಂಡನ ಮನೆ ಮುಂಬಯಿಯ ಝೋಪಡಪಟ್ಟಿಯ ಒಂದು ಕೋಣೆ. ಇಡೀ ಕುಟುಂಬದ ಅಡುಗೆ, ಬಟ್ಟೆ, ಕಸಮುಸುರೆ ಆ ಹುಡುಗಿಯ ತಲೆಯ ಮೇಲೆ. ಸಾರಿನಲ್ಲಿ ಉಪ್ಪು ಹೆಚ್ಚಾದರೂ ಹೊಡೆತ. ಆರು ತಿಂಗಳಾದ ಮೇಲೆ ನೋಡಲು ಬಂದ ತಂದೆಗೆ ತನ್ನ ಮಗಳ ಗುರುತು ಸಿಗುವುದೇ ಕಷ್ಟವಾಯಿತು. ಅಲ್ಲಿಂದಲೇ ಕರೆದುಕೊಂಡು ಹೊರಟರು. ಆ ಕಾಲದಲ್ಲಿ, ಆ ಸಮಾಜದಲ್ಲಿ ಮಗಳನ್ನು ಹಾಗೆ ಹಿಂದಕ್ಕೆ ತರಲು ತಂದೆಗೆ ಎಷ್ಟು ಗಟ್ಟಿ ಗುಂಡಿಗೆ ಬೇಕಿತ್ತು ಎಂಬುದನ್ನು ನಾವು ಮರೆಯಬಾರದು. ಊರು ಅವರನ್ನು ಕ್ಷಮಿಸಲಿಲ್ಲ. ಗಂಡನ ಮನೆ ಬಿಟ್ಟು ಬಂದವಳು ಎಂಬ ಮಾತು ಬೀದಿಬೀದಿಯಲ್ಲಿ ಹಿಂಬಾಲಿಸಿತು. ಆ ಚುಚ್ಚುಮಾತು ತಾಳಲಾರದೆ ಹುಡುಗಿ ಜೀವ ಕಳೆದುಕೊಳ್ಳಲು ಹೊರಟಳು. ತವರಿನ ಅತ್ತೆಯೊಬ್ಬರು ಸಕಾಲಕ್ಕೆ ಕಂಡು ಆಸ್ಪತ್ರೆ ಸೇರಿಸಿದ್ದರಿಂದ ಉಳಿದಳು. ಉಳಿದ ಮೇಲೆ, ಬದುಕಿದ್ದಕ್ಕೆ ಏನಾದರೂ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದು ಮತ್ತೆ ಮುಂಬಯಿಗೆ ಬಂದಳು. ಆಗ ಆಕೆಗೆ ಸುಮಾರು ಹದಿನಾರು.

ಲೋವರ್ ಪರೇಲಿನ ಹೊಸೈರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿನಲ್ಲಿ ಹೊಲಿಗೆ ಕಲಿತಿದ್ದರೂ ಅಷ್ಟೊಂದು ವಿದ್ಯುತ್ ಯಂತ್ರಗಳು ಸಾಲಾಗಿ ಓಡುವುದನ್ನು ಕಂಡು ಮೊದಲ ದಿನ ಕೈ ನಡುಗಿತು. ಹೊಲಿದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ದಿನಕ್ಕೆ ಎರಡು ರೂಪಾಯಿ. ಊಟದ ಬಿಡುವಿನಲ್ಲಿ, ಎಲ್ಲರೂ ಎದ್ದುಹೋದಾಗ, ಖಾಲಿ ಯಂತ್ರದ ಮುಂದೆ ಕೂತು ಕಲಿತಳು. ತಿಂಗಳಿಗೆ ಇನ್ನೂರಿಪ್ಪತ್ತೈದು ರೂಪಾಯಿಯ ಟೈಲರ್ ಆದಳು. ತಂದೆಯ ಕೆಲಸ ಹೋದಾಗ ಕಲ್ಯಾಣದಲ್ಲಿ ತಿಂಗಳಿಗೆ 40 ರೂಪಾಯಿ ಬಾಡಿಗೆಯ ಕೋಣೆ ಹಿಡಿದು ಮನೆಯವರನ್ನೆಲ್ಲ ಕರೆಸಿಕೊಂಡಳು.

ಕಲ್ಯಾಣದ ಆ ಕೋಣೆಯಲ್ಲಿ ತಂಗಿ ಕಾಯಿಲೆ ಬಿದ್ದಳು. ಚಿಕಿತ್ಸೆಗೆ ದುಡ್ಡು ಹೊಂದಿಸಲಾಗಲಿಲ್ಲ. ತಂಗಿ ತೀರಿಕೊಂಡಳು. ದುಡ್ಡಿಲ್ಲದ ಬದುಕು ಬದುಕೇ ಅಲ್ಲ ಎಂಬ ಪಾಠವನ್ನು ತನಗೆ ಕಲಿಸಿದ್ದು ಆ ಸಾವು ಎಂದು ಕಲ್ಪನಾ ಮುಂದೆ ಅನೇಕ ಸಲ ಹೇಳಿದ್ದಾರೆ. ಅವರ ಹಣದ ಹಸಿವನ್ನು ಯಾರಾದರೂ ಅಳೆಯುವುದಾದರೆ ಇಲ್ಲಿಂದ ಅಳೆಯಬೇಕು.

ಇದೇ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದವರು ಆನಂದಿಬಾಯಿ ಜೋಶಿ. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಎಳೆಯ ಕೂಸನ್ನು ಕಳೆದುಕೊಂಡು, ಆ ದುಃಖದಿಂದಲೇ ಎದ್ದು 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯಕೀಯ ಪದವಿ ಪಡೆದವರು. ಅವರಿಗೆ ಮೇಲ್ಜಾತಿಯ ಓದಿನ ಪರಂಪರೆ ಇತ್ತು, ಹಟ ಹಿಡಿದು ಓದಿಸಿದ ಗಂಡ ಇದ್ದ. ನೂರು ವರ್ಷದ ಬಳಿಕ ಅದೇ ಊರಿನಲ್ಲಿ ತಂಗಿಯನ್ನು ಕಳೆದುಕೊಂಡ ಕಲ್ಪನಾಗೆ ಅವೆರಡೂ ಇರಲಿಲ್ಲ. ಇದ್ದದ್ದು ಎರಡು ಕೈ, ಒಂದು ಸರ್ಕಾರಿ ಯೋಜನೆಯ ಸುದ್ದಿ.

ಐವತ್ತು ಸಾವಿರದ ಸಾಲ

ಪರಿಶಿಷ್ಟ ಜಾತಿಯವರ ಸ್ವಂತ ಉದ್ಯೋಗಕ್ಕೆಂದು ಮಹಾತ್ಮ ಜ್ಯೋತಿಬಾ ಫುಲೆ ಹೆಸರಿನಲ್ಲಿ ಮಹಾರಾಷ್ಟ್ರ ಸರ್ಕಾರದ ಸಾಲ ಯೋಜನೆ ಇತ್ತು. ಕಲ್ಪನಾ ಅರ್ಜಿ ಹಾಕಿದರು. ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ 50,000 ರೂಪಾಯಿ ಕೈಗೆ ಬಂತು. ಅದರಲ್ಲಿ ಫರ್ನಿಚರ್ ವ್ಯಾಪಾರ ಶುರುಮಾಡಿದರು. ಪಕ್ಕದ ಉಲ್ಲಾಸನಗರ ದೇಶ ವಿಭಜನೆಯಲ್ಲಿ ನೆಲೆ ಕಳೆದುಕೊಂಡು ಬಂದ ಸಿಂಧಿಗಳು ಕಲ್ಯಾಣ ಕ್ಯಾಂಪಿನಲ್ಲಿ ಕಟ್ಟಿದ ಊರು. ಅಲ್ಲಿನ ಫರ್ನಿಚರ್ ಬಜಾರಿನಿಂದ ಕಡಿಮೆ ಬೆಲೆಗೆ ಸರಕು ತಂದು ಕಲ್ಯಾಣದಲ್ಲಿ ಮಾರಿದರು. ಕಚ್ಚಾ ಮಾಲಿನ ಬೆಲೆ, ಗಿರಾಕಿಯೊಡನೆ ಚೌಕಾಸಿ, ಉದ್ದರಿಯ ಲೆಕ್ಕ ಎಲ್ಲವನ್ನೂ ಅಂಗಡಿಯೇ ಕಲಿಸಿತು.

ಸಾಲ ಪಡೆಯಲು ತಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಅವರು ಸುಶಿಕ್ಷಿತ ನಿರುದ್ಯೋಗಿ ಯುವಕರ ಒಂದು ಸಂಘಟನೆ ಕಟ್ಟಿದರು. ಯಾವ ಯೋಜನೆ ಎಲ್ಲಿದೆ, ಯಾವ ಕಾಗದ ಬೇಕು, ಯಾವ ಟೇಬಲ್ಲಿನಲ್ಲಿ ಕಡತ ನಿಂತಿದೆ ಎಂದು ಹುಡುಗರಿಗೆ ಹೇಳಿಕೊಡುವ ಕೆಲಸ. ಕಲ್ಪನಾ ಅವರ ಬದುಕಿನ ಕೀಲಿ ಇಲ್ಲಿದೆ ಎಂದು ನನಗನ್ನಿಸುತ್ತದೆ. ದಾರದುಂಡೆಯ ಸಿಕ್ಕನ್ನು ಕತ್ತರಿ ಹಾಕದೆ, ತುದಿ ಹುಡುಕಿ ತಾಳ್ಮೆಯಿಂದ ಬಿಡಿಸುವಂಥ ವಿದ್ಯೆ ಅದು. ಓದು ಏಳನೆಯ ಇಯತ್ತೆಗೆ ನಿಂತ ಹೆಣ್ಣುಮಗಳು ಸರ್ಕಾರಿ ಕಡತ ಓದುವುದರಲ್ಲಿ ಪಳಗಿದರು.

ಆ ವಿದ್ಯೆಯ ಮೊದಲ ದೊಡ್ಡ ಪರೀಕ್ಷೆ 1990ರ ದಶಕದ ನಡುವೆ ಬಂತು. ಕಲ್ಯಾಣದಲ್ಲಿ ವ್ಯಾಜ್ಯ ಸುತ್ತಿಕೊಂಡ ಒಂದು ಜಾಗವಿತ್ತು. ದುಡ್ಡಿನ ತುರ್ತು ಬಿದ್ದ ಮಾಲೀಕ ಎರಡೂವರೆ ಲಕ್ಷಕ್ಕೆ ಕೊಡುತ್ತೇನೆಂದ. ಅವರು ಒಂದಿಷ್ಟು ಮುಂಗಡ ಕೊಟ್ಟು ಹಿಡಿದರು. 1976ರ ನಗರ ಭೂಮಿತಿ ಕಾಯ್ದೆಯ ತೊಡಕು, ಕೋರ್ಟಿನ ದಾವೆ ಒಂದೊಂದನ್ನೇ ಬಿಡಿಸಿದರು. ಜಾಗ ಶುದ್ಧವಾದೊಡನೆ ಬೆಲೆ ಹಲವು ಪಟ್ಟು ಏರಿತು. ಅದರ ಮೇಲೆ ಕಣ್ಣಿಟ್ಟವರು ಅವರನ್ನು ಕೊಲ್ಲಿಸಲು ಸುಪಾರಿ ಕೊಟ್ಟರು. ಸುಳಿವು ಸಿಕ್ಕಿ ಅವರು ಪೊಲೀಸರ ಬಳಿಗೆ ಹೋದರು. ಪರವಾನಗಿಯ ರಿವಾಲ್ವರ್ ಇಟ್ಟುಕೊಂಡರು, ಜಾಗ ಬಿಡಲಿಲ್ಲ. ಕಟ್ಟಲು ಹಣ ಇಲ್ಲದ್ದಕ್ಕೆ ಸಿಂಧಿ ವ್ಯಾಪಾರಿಯೊಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಂಡು ಕಟ್ಟಡ ಎಬ್ಬಿಸಿದರು. ಕಗ್ಗಂಟು ಬಿದ್ದ ವ್ಯವಹಾರವನ್ನು ಬಗೆಹರಿಸುವ ಹೆಂಗಸು ಎಂದು ಕಲ್ಯಾಣದಲ್ಲಿ ಹೆಸರಾಯಿತು.

ಕಾರ್ಮಿಕರೇ ಮಾಲೀಕರು

ಈಗ ಕುರ್ಲಾಕ್ಕೆ ಬರೋಣ. ಕಮಾನಿ ಎಂಬುದು ಸ್ವಾತಂತ್ರ್ಯದ ಆಸುಪಾಸಿನ ದೊಡ್ಡ ಉದ್ಯಮ ಮನೆತನ. ರಾಮ್‌ಜಿ ಹಂಸರಾಜ್ ಕಮಾನಿ ಲೋಹ ಕೈಗಾರಿಕೆ ಕಟ್ಟಿದವರು. ವಿದ್ಯುತ್ ಪ್ರಸರಣ ಗೋಪುರಗಳ ಕಮಾನಿ ಎಂಜಿನಿಯರಿಂಗ್, ಲೋಹ ಮಿಶ್ರಣಗಳ ಕಮಾನಿ ಮೆಟಲ್ಸ್, ಕೊಳವೆಗಳ ಕಮಾನಿ ಟ್ಯೂಬ್ಸ್ ಅವರ ಮನೆತನದವು. ಬಲ್ಲಾರ್ಡ್ ಎಸ್ಟೇಟಿನಲ್ಲಿ ರಾಮ್‌ಜಿಭಾಯಿ ಕಮಾನಿ ಮಾರ್ಗ ಇದೆ. ಕುರ್ಲಾದಲ್ಲಿ ಇವತ್ತಿಗೂ ಬಸ್ಸಿನ ನಿಲ್ದಾಣಕ್ಕೆ ಕಮಾನಿ ಎಂದೇ ಹೆಸರು. ಹಿರಿಯರ ಕಾಲ ಮುಗಿದ ಮೇಲೆ ಮಕ್ಕಳಲ್ಲಿ ಜಗಳ ಹುಟ್ಟಿತು. ವ್ಯಾಜ್ಯ ಕೋರ್ಟಿಗೆ ಹೋಯಿತು, ಆಡಳಿತ ಹದಗೆಟ್ಟಿತು, 1985ರಲ್ಲಿ ಕಾರ್ಖಾನೆ ನಿಂತಿತು.

ಆ ವರ್ಷಗಳ ಮುಂಬಯಿಯನ್ನು ನೆನೆಯಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಟ್ಟಿದ್ದರು. ಬಹಳ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಕಾರ್ಖಾನೆ ನಡೆಸುವುದಕ್ಕಿಂತ ಅದರ ನೆಲ ಮಾರುವುದೇ ಲಾಭ ಎನ್ನುವ ಲೆಕ್ಕ ಮಾಲೀಕರ ತಲೆ ಹೊಕ್ಕಿತ್ತು. ಅಂಥ ಗಳಿಗೆಯಲ್ಲಿ ಕಮಾನಿ ಕಾರ್ಮಿಕರು ಯಾರೂ ಕೇಳದ ಪ್ರಶ್ನೆ ಕೇಳಿದರು. ಮಾಲೀಕರಿಗೆ ಬೇಡವಾದರೆ ನಾವೇ ಯಾಕೆ ನಡೆಸಬಾರದು?

ಡಿ. ತಂಗಪ್ಪನ್ ಮುಂದಾಳತ್ವದ ಕಮಾನಿ ಎಂಪ್ಲಾಯೀಸ್ ಯೂನಿಯನ್ ಸುಪ್ರೀಂ ಕೋರ್ಟಿಗೆ ಹೋಯಿತು. ಬರಿಯ ಬೇಡಿಕೆಯ ಪಟ್ಟಿಯಲ್ಲ, ಕಾರ್ಖಾನೆ ಬದುಕಿಸುವ ಪೂರ್ತಿ ಯೋಜನೆ ಅವರ ಕೈಯಲ್ಲಿತ್ತು. ರೋಗಗ್ರಸ್ತ ಕೈಗಾರಿಕೆಗಳ 1985ರ ಕಾಯ್ದೆಯಡಿ ರಚನೆಯಾಗಿದ್ದ ಕೈಗಾರಿಕಾ ಮತ್ತು ಹಣಕಾಸು ಪುನರ್‌ರಚನಾ ಮಂಡಳಿ, ಅಂದರೆ ಬಿಐಎಫ್‌ಆರ್, 1988ರಲ್ಲಿ ಆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾರ್ಮಿಕರು ಸಹಕಾರ ಸಂಘ ಕಟ್ಟಿ, ಭವಿಷ್ಯ ನಿಧಿಯ ಹಣ ತೆಗೆದು ಷೇರು ಕೊಂಡರು. ವಯಸ್ಸಾದ ಕಾಲಕ್ಕೆಂದು ಇಟ್ಟ ಹಣವದು. ಕಾರ್ಮಿಕರ ಒಡೆತನದಲ್ಲಿ ಕಾರ್ಖಾನೆ ಮತ್ತೆ ತೆರೆಯಿತು. ದೇಶವೆಲ್ಲ ತಿರುಗಿ ನೋಡಿದ ಪ್ರಯೋಗವಾಯಿತು.

ಮೊದಲ ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದುಡಿಯುವ ಬಂಡವಾಳಕ್ಕೆ ಬರ ಬಂತು. ಹಳೆಯ ಸಾಲದ ಬಡ್ಡಿ ಬೆಳೆಯಿತು. 1991ರ ಬಳಿಕ ಮಾರುಕಟ್ಟೆ ತೆರೆದು ಪೈಪೋಟಿ ಬಿರುಸಾಯಿತು. ಒಳಗೆ ಯೂನಿಯನ್ನುಗಳ ನಡುವೆ ಹೊಂದಾಣಿಕೆ ತಪ್ಪಿತು. ಎಲ್ಲರೂ ಒಡೆಯರಾದ ಕಡೆ ಕಠಿಣ ತೀರ್ಮಾನ ಯಾರು ತೆಗೆದುಕೊಳ್ಳಬೇಕೆಂಬ ತೊಡಕು ಬಿಡಲಿಲ್ಲ. 1990ರ ದಶಕ ಮುಗಿಯುವ ಮೊದಲೇ ಕಾರ್ಖಾನೆ ಮತ್ತೆ ನಿಂತಿತು. ಈ ಸೋಲನ್ನು ಹಿಡಿದು ಆ ಪ್ರಯೋಗವನ್ನು ಹಗುರ ಮಾಡುವವರಿದ್ದಾರೆ. 1985ರಲ್ಲಿ ಕಾರ್ಮಿಕರು ಸುಮ್ಮನೆ ಪರಿಹಾರ ತೆಗೆದುಕೊಂಡು ಚದುರಿದ್ದರೆ 2000ದ ಹೊತ್ತಿಗೆ ಉಳಿಸಲು ಕಂಪನಿಯೇ ಇರುತ್ತಿರಲಿಲ್ಲ. ಹಾಗೆ ಹಗುರ ಮಾಡುವವರು ಇದನ್ನು ಮರೆಯುತ್ತಾರೆ.

ಕರ್ನಾಟಕದಲ್ಲೂ ಅದೇ ಕಾಲ. ಬಿಐಎಫ್‌ಆರ್ ಬಾಗಿಲಿಗೆ ಹೋದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬೆಂಗಳೂರಿನ ಎನ್‌ಜಿಇಎಫ್ ಕೂಡ ಉಳಿಯಲಿಲ್ಲ. ಆ ಹೊತ್ತಿನಲ್ಲಿ ಮುಚ್ಚಿದ್ದು ಸಾಮಾನ್ಯ, ತೆರೆದದ್ದು ಅಪರೂಪ.

ಮೊದಲು ಕಾರ್ಮಿಕರ ಬಾಕಿ

2000ದಲ್ಲಿ ಕಮಾನಿ ಕಾರ್ಮಿಕರು ಕಲ್ಪನಾ ಅವರನ್ನು ಹುಡುಕಿಕೊಂಡು ಬಂದರು. ಕಂಪನಿಯ ಮೇಲೆ 116 ಕೋಟಿ ರೂಪಾಯಿಯ ಸಾಲ, ನೂರ ನಲವತ್ತರಷ್ಟು ದಾವೆಗಳು. ಸಂಬಳವಿಲ್ಲದೆ ಕಾದಿದ್ದ 566 ಕಾರ್ಮಿಕರ ಕುಟುಂಬಗಳು. ತಾಮ್ರದ ಕೊಳವೆಯ ವಿಷಯ ಕಲ್ಪನಾ ಅವರಿಗೆ ಏನೂ ಗೊತ್ತಿರಲಿಲ್ಲ. ಒಪ್ಪಿಕೊಂಡದ್ದು ಹಸಿದ ಕುಟುಂಬಗಳ ಲೆಕ್ಕ ಕೇಳಿ ಎಂದು ಅವರು ಹೇಳುತ್ತಾರೆ. ಕಲ್ಯಾಣದ ಆ ಕೋಣೆಯಲ್ಲಿ ದುಡ್ಡಿಲ್ಲದೆ ತಂಗಿಯನ್ನು ಕಳೆದುಕೊಂಡವರ ಮಾತು ಅದು. ನಾನು ಅದನ್ನು ನಂಬುತ್ತೇನೆ.

ಅವರು ಮಾಡಿದ ಕೆಲಸವನ್ನು ಗಮನಿಸಬೇಕು. ಮೊದಲು ಪರಿಣತರ ತಂಡ ಕಟ್ಟಿದರು. ಸಾಲದ ಮೊತ್ತವನ್ನು ಬಿಡಿಸಿ ನೋಡಿದರೆ ಅದರಲ್ಲಿ ಅಸಲಿಗಿಂತ ದಂಡ, ಬಡ್ಡಿಗಳೇ ದೊಡ್ಡ ಪಾಲು. ಕಂಪನಿ ಮುಳುಗಿದರೆ ಬ್ಯಾಂಕಿಗೆ ಏನೂ ಬಾರದು, ಬದುಕಿದರೆ ಅಸಲಾದರೂ ಬಂದೀತು ಎಂದು ಬ್ಯಾಂಕುಗಳ ಮುಂದೆ, ಸರ್ಕಾರದ ಮುಂದೆ ವಾದಿಸಿದರು. ದಂಡ, ಬಡ್ಡಿ ಮನ್ನಾ ಆಯಿತು. ಸಾಲದ ಭಾರ ಅರ್ಧಕ್ಕಿಂತ ಕೆಳಗಿಳಿಯಿತು. ವರ್ಷಗಟ್ಟಲೆ ನಡೆದ ಈ ಓಡಾಟದ ಕೊನೆಗೆ 2006ರಲ್ಲಿ ಅವರು ಕಂಪನಿಯ ಅಧ್ಯಕ್ಷೆಯಾದರು. ಬ್ಯಾಂಕಿನ ಸಾಲ ತೀರಿಸಲು ಏಳು ವರ್ಷದ ಗಡುವು ಇತ್ತು. ಒಂದೇ ವರ್ಷದಲ್ಲಿ ತೀರಿಸಿದರು. ಕಾರ್ಮಿಕರ ಬಾಕಿಗೆ ಮೂರು ವರ್ಷದ ಅವಕಾಶವಿತ್ತು, ಅದನ್ನೂ ಅವಧಿಗೆ ಮೊದಲೇ ಕೊಟ್ಟರು. ಕುರ್ಲಾದ ಹಳೆಯ ಯಂತ್ರಗಳು ಹಾಳಾಗಿದ್ದವು. 2009ರಲ್ಲಿ ಕಾರ್ಖಾನೆಯನ್ನು ಆಗ ಠಾಣೆ ಜಿಲ್ಲೆಯಲ್ಲಿದ್ದ ವಾಡಾಕ್ಕೆ ಒಯ್ದು ಹೊಸದಾಗಿ ನೆಲೆ ನಿಲ್ಲಿಸಿದರು.

ದಾರ ಕತ್ತರಿಸುವ ಹುಡುಗಿಯಿಂದ ಇಲ್ಲಿಯವರೆಗೆ ಒಂದೇ ಎಳೆ ಓಡುತ್ತದೆ. ಸಾಲದ ಅರ್ಜಿ, ವ್ಯಾಜ್ಯದ ಜಾಗ, ಮುಳುಗಿದ ಕಂಪನಿ ಮೂರರಲ್ಲೂ ಉಳಿದವರು ಕೈಬಿಟ್ಟ ಕಡತವನ್ನು ಅವರು ಎತ್ತಿಕೊಂಡು ಕೂತರು. ದಲಿತ ಉದ್ಯಮಿಗಳ ಸಂಘಟನೆ ಡಿಕ್ಕಿ ಪುಣೆಯಲ್ಲಿ 2005ರಲ್ಲಿ ಹುಟ್ಟಿದ ಮೇಲೆ, ಬಂಡವಾಳದ ಲೋಕದಲ್ಲಿ ತಮಗೂ ಜಾಗವಿದೆ ಎಂದು ದಲಿತ ಯುವಕ ಯುವತಿಯರಿಗೆ ತೋರಿಸಲು ಅವರ ಹೆಸರು ಮುಂದೆ ಬಂತು. 2013ರಲ್ಲಿ ಶುರುವಾದ ಭಾರತೀಯ ಮಹಿಳಾ ಬ್ಯಾಂಕಿನ ನಿರ್ದೇಶಕ ಮಂಡಳಿಯಲ್ಲೂ ಅವರಿದ್ದರು.

ಶೆಂಝೆನ್ ಮತ್ತು ಕುರ್ಲಾ

ಜಗತ್ತಿನ ಸಿರಿವಂತರ ಹುರುನ್ ಪಟ್ಟಿಗಳನ್ನು ತೆಗೆದರೆ, ಪಿತ್ರಾರ್ಜಿತವಿಲ್ಲದೆ ಸ್ವಂತ ದುಡಿಮೆಯಿಂದ ಮೇಲೆ ಬಂದ ಹೆಂಗಸರಲ್ಲಿ ಬಹುಪಾಲು ಚೀನಾದವರು. ಅವರಲ್ಲಿ ಇಬ್ಬರನ್ನು ನೋಡೋಣ. ಝಾಂಗ್ ಯಿನ್ 1957ರಲ್ಲಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಹಿರಿಯಳು. ತಂದೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸೆರೆಮನೆ ಕಂಡವರು. 1985ರಲ್ಲಿ ಹಾಂಗ್‌ಕಾಂಗಿಗೆ ಹೋಗಿ ರದ್ದಿ ಕಾಗದದ ವ್ಯಾಪಾರ ಹಿಡಿದರು. ಅಮೆರಿಕದ ರದ್ದಿಯನ್ನು ಚೀನಾಕ್ಕೆ ಸಾಗಿಸಿ ರಟ್ಟು ಮಾಡುವ ನೈನ್ ಡ್ರ್ಯಾಗನ್ಸ್ ಕಂಪನಿ ಕಟ್ಟಿದರು. 2006ರಲ್ಲಿ, ಕಲ್ಪನಾ ಕಮಾನಿಯ ಅಧ್ಯಕ್ಷೆಯಾದ ವರ್ಷವೇ, ಆಕೆ ಚೀನಾದ ಅತಿ ಸಿರಿವಂತರ ಪಟ್ಟಿಯಲ್ಲಿ ಮೊದಲಿಗರಾದ ಮೊದಲ ಮಹಿಳೆಯಾದರು. ಹುನಾನ್ ಪ್ರಾಂತದ ಝೌ ಚುನ್‌ಫೇಯಿ ಐದನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು. ಹದಿನಾರಕ್ಕೆ ಶಾಲೆ ಬಿಟ್ಟು ಶೆಂಝೆನ್‌ನ ಗಡಿಯಾರದ ಗಾಜಿನ ಕಾರ್ಖಾನೆ ಸೇರಿದರು. ಮೊಬೈಲ್ ಫೋನಿನ ಗಾಜು ತಯಾರಿಸುವ ಲೆನ್ಸ್ ಟೆಕ್ನಾಲಜಿಯ ಒಡತಿಯಾದರು.

ಹಟದಲ್ಲಿ, ಬುದ್ಧಿಯಲ್ಲಿ ಈ ಮೂವರಲ್ಲಿ ಹೆಚ್ಚು ಕಡಿಮೆ ಹೇಳಲಾಗದು. ಕಾಲ, ನೆಲ ಬೇರೆ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಶೆಂಝೆನ್‌ನಲ್ಲಿ ಎಲ್ಲವೂ ಹೊಸದಾಗಿ ಏಳುತ್ತಿತ್ತು. ಜಗತ್ತಿನ ಗಿರಾಕಿ ಬಾಗಿಲಿಗೇ ಬರುತ್ತಿದ್ದ. ಮುಂಬಯಿಯಲ್ಲಿ ಅದೇ ವರ್ಷಗಳಲ್ಲಿ ಕಾರ್ಖಾನೆಗಳು ಮುಚ್ಚುತ್ತಿದ್ದವು. ಹಾಗಾಗಿ ಚೀನಾದ ಕಾರ್ಖಾನೆ ಹುಡುಗಿ ಹೊಸ ಕಾರ್ಖಾನೆ ಕಟ್ಟಿ ಸಿರಿವಂತೆಯಾದಳು. ಮುಂಬಯಿಯ ಕಾರ್ಖಾನೆ ಹುಡುಗಿ, ಹಿಂದಿನವರು ಹಾಳುಗೆಡವಿದ ಕಾರ್ಖಾನೆಯನ್ನು ಬದುಕಿಸಿ ಸಿರಿವಂತೆಯಾದಳು. ಎರಡನೆಯದರಲ್ಲಿ ಹೊಗಳಿಕೆ ಕಡಿಮೆ, ತೊಡಕು ಹೆಚ್ಚು.

ನಮ್ಮ ಎಂಐಡಿಸಿಗೆ

ಡೊಂಬಿವಲಿಯಲ್ಲಿ ಕೂತು ಈ ಚರಿತ್ರೆಯನ್ನು ಓದಿದಾಗ ಅದು ದೂರದ್ದಾಗಿ ಕಾಣುವುದಿಲ್ಲ. ಪ್ರೀಮಿಯರ್ ನಿಂತಿತು. ಮೋಹನೆಯ ನ್ಯಾಷನಲ್ ರೇಯಾನ್ 2009ರಲ್ಲಿ ಬಾಗಿಲು ಹಾಕಿತು. ಅಲ್ಲಿನ ಕಾರ್ಮಿಕರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಕಾದರು. 2016ರ ಮೇ 26ರಂದು ಪ್ರೊಬೇಸ್, 2024ರ ಮೇ 23ರಂದು ಅಮುದಾನ್ ಕಾರ್ಖಾನೆಯ ಸ್ಫೋಟಗಳು ಕಾರ್ಮಿಕರ ಜೀವ ತೆಗೆದವು, ಸುತ್ತಲಿನ ಮನೆಗಳ ಗಾಜು ಪುಡಿಮಾಡಿದವು. ಅಪಾಯದ ಕಾರ್ಖಾನೆಗಳನ್ನು ಇಲ್ಲಿಂದ ಸ್ಥಳಾಂತರಿಸಬೇಕೆಂಬ ಕೂಗು ನ್ಯಾಯವಾದದ್ದು. ಸ್ಥಳಾಂತರವಾದಾಗ ಯಂತ್ರದ ಜೊತೆ ಕಾರ್ಮಿಕನ ಲೆಕ್ಕವೂ ಹೋಗಬೇಕು. ನೆಲ ಬಿಲ್ಡರಿಗೆ, ಬಾಕಿ ಬ್ಯಾಂಕಿಗೆ, ಕಾರ್ಮಿಕನಿಗೆ ಬರಿಗೈ ಎಂದಾಗಬಾರದು.

ರೋಗಗ್ರಸ್ತ ಕೈಗಾರಿಕೆಗಳ ಹಳೆಯ ಕಾಯ್ದೆ 2016ರಲ್ಲಿ ತೆರೆಮರೆಗೆ ಸರಿದು ದಿವಾಳಿ ಸಂಹಿತೆ ಬಂತು. ಕಂಪನಿ ಬರಖಾಸ್ತಾದರೆ ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನವಿಟ್ಟುಕೊಂಡು ಸಾಲ ಕೊಟ್ಟವರ ಜೊತೆ ಸರಿಸಮನಾಗಿ ನಿಲ್ಲಿಸುತ್ತದೆ ಈ ಸಂಹಿತೆ. ಅದು ಮುಚ್ಚಿದ ಮೇಲಿನ ಮಾತು. ಮುಚ್ಚದಂತೆ ನೋಡುವ, ಕಾರ್ಮಿಕರೇ ಯೋಜನೆ ಹಿಡಿದು ಬಂದರೆ ಕೇಳುವ, 1988ರಲ್ಲಿ ಕಮಾನಿಗೆ ಸಿಕ್ಕಂಥ ಕಿವಿ ಇವತ್ತೂ ಬೇಕು.

ಕಲ್ಪನಾ ಸರೋಜ್ ಅವರನ್ನು ಕೊಂಡಾಡುವಾಗ ನಾವು ಅವರ ಗಟ್ಟಿತನವನ್ನೇ ಹೊಗಳಿ ಸುಮ್ಮನಾಗುತ್ತೇವೆ. ಆ ಗಟ್ಟಿತನ ದೊಡ್ಡದು. ಆದರೆ ಮಗಳನ್ನು ಮನೆಗೆ ಕರೆತಂದ ತಂದೆ, ಜೀವ ಉಳಿಸಿದ ಅತ್ತೆ, 50,000 ರೂಪಾಯಿ ಕೊಟ್ಟ ಯೋಜನೆ, ಭವಿಷ್ಯ ನಿಧಿ ತೆಗೆದುಕೊಟ್ಟ ಕಾರ್ಮಿಕರು, ಅವರ ಮಾತು ಕೇಳಿದ ನ್ಯಾಯಾಲಯ ಇವರಲ್ಲಿ ಒಬ್ಬರು ಇಲ್ಲದಿದ್ದರೂ ಈ ಕಥೆ ನಡುವೆಯೇ ಕಡಿದುಹೋಗುತ್ತಿತ್ತು. ಇವತ್ತು ಎಂಐಡಿಸಿಯ ಶೆಡ್ಡುಗಳಲ್ಲಿ ಪ್ಯಾಕಿಂಗ್ ಮಾಡುವ, ದಾರ ಕತ್ತರಿಸುವ ಹುಡುಗಿಯರಲ್ಲಿ ಅಷ್ಟೇ ಬುದ್ಧಿ, ಅಷ್ಟೇ ಹಟ ಇರುವವರು ಖಂಡಿತ ಇದ್ದಾರೆ. ಅವರಿಗೆ ಪದ್ಮಶ್ರೀ ಪಡೆದವರ ಭಾಷಣಕ್ಕಿಂತ ಮೊದಲು ಬೇಕಾದದ್ದು ಲಂಚವಿಲ್ಲದೆ ಸಿಗುವ ಸಾಲ, ಹದಿನೆಂಟಕ್ಕೆ ಮೊದಲು ಮದುವೆ ಮಾಡದ ಮನೆ, ದುಡಿದ ಸಂಬಳ ಮುಳುಗದ ಕಾರ್ಖಾನೆ. ಇವನ್ನು ಒದಗಿಸಿದ ಊರಿನಲ್ಲಿ ಕಲ್ಪನಾ ಸರೋಜ್ ಪವಾಡವಾಗಿ ಉಳಿಯುವುದಿಲ್ಲ, ಹಲವರಲ್ಲಿ ಮೊದಲನೆಯವರಾಗುತ್ತಾರೆ.